ಕಟಕಟೆಯಿಂದ ಇಳಿದ ತಾಯಿ

(ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಇಂದು ಜಗತ್ತು ಆಟಿಸಂ ಎಂದು ಕರೆಯುವ ಸ್ಥಿತಿಯ ಚರಿತ್ರೆ ಒಬ್ಬ ತಂದೆ ಬರೆದ ಪತ್ರದಿಂದ ಶುರುವಾಗುತ್ತದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬುದೊಂದು ಸಣ್ಣ ಊರು. ಅಲ್ಲಿನ ವಕೀಲ ಬೀಮನ್ ಟ್ರಿಪ್ಲೆಟ್ 1938ರಲ್ಲಿ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕಾನರ್ ಅವರಿಗೆ ತಮ್ಮ ಮಗ ಡೊನಾಲ್ಡ್‌ನ ಬಗ್ಗೆ ಬರೆದರು. ಒತ್ತೊತ್ತಾಗಿ ಬೆರಳಚ್ಚು ಮಾಡಿಸಿದ 33 ಪುಟಗಳ ಪತ್ರ ಅದು. ಒಂದು ವರ್ಷದ ಕೂಸಾಗಿದ್ದಾಗಲೇ ಅವನು ಹಾಡುಗಳ ಧಾಟಿಯನ್ನು ತಪ್ಪಿಲ್ಲದೆ ಗುನುಗುತ್ತಿದ್ದ. ಅಕ್ಷರಮಾಲೆಯನ್ನು ಮೊದಲಿನಿಂದಲೂ ಹೇಳುತ್ತಿದ್ದ, ಕೊನೆಯಿಂದಲೂ ಹೇಳುತ್ತಿದ್ದ. ಆದರೆ ಅಪ್ಪ ಮನೆಗೆ ಬಂದರೆ ತಲೆ ಎತ್ತುತ್ತಿರಲಿಲ್ಲ. ಒಬ್ಬನೇ ಇದ್ದರೆ ಸುಖಿ. ದುಂಡಗಿರುವ ಏನು ಸಿಕ್ಕಿದರೂ ನೆಲದ ಮೇಲೆ ತಿರುಗಿಸುತ್ತ ಕೂರುತ್ತಿದ್ದ. 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುತ್ತಿದ್ದ. ಒಮ್ಮೆ ತಂದೆ, 'ಹೂಂ ಅಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ' ಎಂದು ಹೇಳಿಕೊಟ್ಟರಂತೆ. ಅಂದಿನಿಂದ 'ಹೂಂ' ಎಂಬ ಮಾತಿಗೆ ಆ ಮಗುವಿನ ಮಟ್ಟಿಗೆ ಒಂದೇ ಅರ್ಥ: ಹೆಗಲ ಮೇಲೆ ಕೂರಿಸು.

ಆ ಪತ್ರದಲ್ಲಿ ಅಳಲಿಗಿಂತ ಗಮನ ಹೆಚ್ಚು. ಮಗುವನ್ನು ಹಗಲಿರುಳೂ ನೋಡಿದವರು ಮಾತ್ರ ಬರೆಯಬಲ್ಲ ವಿವರಗಳು ಅಲ್ಲಿವೆ. ಈ ಹುಡುಗನೂ ಸೇರಿದಂತೆ 11 ಮಕ್ಕಳ ವಿವರವನ್ನು ಕಾನರ್ 1943ರಲ್ಲಿ ಪ್ರಕಟಿಸಿದರು. ಅವರಲ್ಲಿ 8 ಮಂದಿ ಗಂಡುಮಕ್ಕಳು, 3 ಮಂದಿ ಹೆಣ್ಣುಮಕ್ಕಳು. ಡೊನಾಲ್ಡ್‌ನನ್ನು ಕುರಿತ ಭಾಗದ ಸಾಕಷ್ಟು ಸಾಮಗ್ರಿ ಆ ತಂದೆಯ ಪತ್ರದ್ದೇ.

ಇಂಥ ಮಕ್ಕಳನ್ನು ಕಂಡವರು ಕಾನರ್ ಒಬ್ಬರೇ ಅಲ್ಲ. ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ 1925ರಷ್ಟು ಹಿಂದೆಯೇ ಇದೇ ಬಗೆಯ ಬಾಲಕರ ಬಗ್ಗೆ ಬರೆದಿದ್ದರು. ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದರು. ಇದೇ ಆಸ್ಪರ್ಗರ್, ತೀವ್ರ ತೊಂದರೆಯಿದ್ದ ಕೆಲವು ಮಕ್ಕಳನ್ನು ನಾಜಿಗಳ ಕೊಲೆಗಡುಕ ಚಿಕಿತ್ಸಾಲಯಕ್ಕೆ ಕಳಿಸಿಕೊಟ್ಟಿದ್ದರೆಂಬುದು 2018ರಲ್ಲಿ ದಾಖಲೆಗಳಿಂದ ಹೊರಬಿತ್ತು. ಅವರ ಹೆಸರನ್ನು ಹೊತ್ತ ರೋಗನಾಮವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಬೇರೆ ಕಾರಣಕ್ಕಾಗಿ 2013ರಲ್ಲೇ ಕೈಬಿಟ್ಟಿತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. 'ಆಟೋಸ್' ಎಂದರೆ ಗ್ರೀಕ್ ಭಾಷೆಯಲ್ಲಿ 'ತಾನು'. ಅದರಿಂದ ಬಂದ ಪದವನ್ನು ಕನ್ನಡದಲ್ಲಿ 'ಸ್ವಲೀನತೆ' ಎಂದೂ 'ಸ್ವಮಗ್ನತೆ' ಎಂದೂ ಮಾಡಿಕೊಂಡಿದ್ದೇವೆ. ಅನುವಾದವಾಗಿ ಸರಿಯೇ. ಆದರೆ ಮೂಲ ಪದದಲ್ಲಿದ್ದ ತಪ್ಪೂ ಅದರ ಜೊತೆಗೇ ಬಂದಿದೆ. ಮಗು ತನ್ನಲ್ಲೇ ಮುಳುಗಿದೆ, ಹೊರಗಿನದು ಅದಕ್ಕೆ ಬೇಡ ಎಂಬ ಭಾವನೆಯನ್ನು ಈ ಪದ ಬಿತ್ತುತ್ತದೆ. ಹೊರಗಿನದು ಬೇಡವಾಗಿರುವುದಕ್ಕಿಂತ, ಅದು ತಾಳಲಾರದಷ್ಟು ಜೋರಾಗಿ ಒಳಕ್ಕೆ ನುಗ್ಗುವುದೇ ಅನೇಕ ಮಕ್ಕಳ ಕಷ್ಟ. ಕುಕ್ಕರಿನ ಸಿಳ್ಳೆ, ಮಿಕ್ಸಿಯ ಸದ್ದು, ಅಂಗಿಯ ಕತ್ತುಪಟ್ಟಿಯ ಒಳಗಿನ ಚೀಟಿ, ಮದುವೆಮನೆಯ ವಾಲಗ ಇವೆಲ್ಲ ಉಳಿದವರಿಗೆ ಏನೂ ಅಲ್ಲ, ಆ ಮಗುವಿಗೆ ಮಾತ್ರ ಸಹಿಸಲಾಗದ ಹಿಂಸೆ.

ಲಕ್ಷಣಗಳ ಉದ್ದ ಪಟ್ಟಿ ಓದುವುದಕ್ಕಿಂತ ನಮ್ಮ ಮನೆಗಳಲ್ಲೇ ನಡೆಯುವ ಒಂದು ಸಂಗತಿಯನ್ನು ಗಮನಿಸಿದರೆ ವಿಷಯ ತಿಳಿಯುತ್ತದೆ. ಅಂಗಳದಲ್ಲಿ ಮಗುವನ್ನು ಎತ್ತಿಕೊಂಡು ತಾಯಿ ಚಂದಮಾಮನನ್ನು ತೋರಿಸುತ್ತ ತುತ್ತು ತಿನ್ನಿಸುತ್ತಾಳೆ. ಮಗು ಅವಳ ಬೆರಳಿನ ದಿಕ್ಕಿಗೆ ನೋಡುತ್ತದೆ, ಚಂದ್ರನನ್ನು ಕಾಣುತ್ತದೆ, ಮತ್ತೆ ತಿರುಗಿ ತಾಯಿಯ ಮುಖ ನೋಡುತ್ತದೆ. 'ನೀನೂ ಕಂಡೆಯಾ?' ಎಂದು ಕೇಳಿದಂತೆ. ಕೆಲವು ತಿಂಗಳು ಕಳೆದರೆ ತಾನೇ ಬೆರಳು ಮಾಡಿ ತೋರಿಸುತ್ತದೆ. ಮಾತು ಬೆಳೆಯುವುದು ಈ ಮೂರು ನೋಟಗಳ ಮೇಲೆ. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಇದು ತಡವಾಗುತ್ತದೆ, ಇಲ್ಲವೇ ಬೇರೆ ದಾರಿಯಲ್ಲಿ ಬರುತ್ತದೆ. ಒಂದೂವರೆ ವರ್ಷವಾದರೂ ಮಗು ಬೆರಳು ತೋರಿಸದಿದ್ದರೆ, ಕೂಗಿದರೆ ತಿರುಗದಿದ್ದರೆ, ಆಡುತ್ತಿದ್ದ ಒಂದೆರಡು ಮಾತೂ ನಿಂತುಹೋದರೆ ಮಕ್ಕಳ ವೈದ್ಯರ ಬಳಿ ಹೋಗುವುದು ಒಳ್ಳೆಯದು. 'ಅವನ ಅಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ' ಎಂಬ ಹಿರಿಯರ ಸಮಾಧಾನ ಕೆಲವೊಮ್ಮೆ ನಿಜವಾಗುತ್ತದೆ. ಕೆಲವೊಮ್ಮೆ ಎರಡು ವರ್ಷವನ್ನು ನುಂಗಿಹಾಕುತ್ತದೆ.

ಇನ್ನು ಆರೋಪದ ಕಥೆ. 1943ರ ಲೇಖನದಲ್ಲಿ ಕಾನರ್ ಇದು ಹುಟ್ಟಿನಿಂದಲೇ ಬಂದ ಸ್ಥಿತಿ ಎಂದೇ ತೀರ್ಮಾನಿಸಿದ್ದರು. ಆದರೆ ಅದೇ ಲೇಖನದಲ್ಲಿ, ಈ ಮಕ್ಕಳ ತಂದೆತಾಯಿಗಳು ಬಹಳ ಓದಿದವರು, ಅವರಲ್ಲಿ ಅಕ್ಕರೆ ಕಡಿಮೆ ಎಂಬ ಮಾತನ್ನೂ ಸೇರಿಸಿದರು. 1949ರ ಹೊತ್ತಿಗೆ ಆ ಮಾತು ಬೆಳೆದು, ಮಕ್ಕಳನ್ನು ಹಿಮ ಕರಗದ ಫ್ರಿಜ್ಜಿನಲ್ಲಿ ಇಟ್ಟಂತೆ ಬೆಳೆಸಿದ್ದಾರೆ ಎಂಬ ಹೋಲಿಕೆಯಾಯಿತು. 'ರೆಫ್ರಿಜರೇಟರ್ ತಾಯಿ' ಎಂಬ ಬಿರುದು ಹುಟ್ಟಿಕೊಂಡದ್ದು ಹೀಗೆ. ತಂದೆತಾಯಿ ಇಬ್ಬರ ಮೇಲೂ ಬಂದ ಮಾತು ಕೊನೆಗೆ ತಾಯಿಯೊಬ್ಬಳ ತಲೆಗೇ ಕಟ್ಟಿತು. ಇಂಥ ವಿಷಯದಲ್ಲಿ ದೇಶದೇಶಗಳ ನಡುವೆ ಅಂಥ ವ್ಯತ್ಯಾಸವೇನೂ ಇದ್ದಂತಿಲ್ಲ.

ಈ ಆರೋಪಕ್ಕೆ ಶಾಸ್ತ್ರದ ವೇಷ ತೊಡಿಸಿದವರು ಷಿಕಾಗೋದಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್. ನಾಜಿಗಳ ಯಾತನಾ ಶಿಬಿರಗಳಲ್ಲಿ ಇದ್ದು ಪಾರಾಗಿ ಬಂದವರು. ಶಿಬಿರದ ಕೈದಿಗಳು ಬದುಕಿನ ಆಸೆಯನ್ನೇ ಬಿಟ್ಟು ಕಲ್ಲಾಗುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಈ ಮಕ್ಕಳೂ ಹಾಗೆಯೇ. ತಾನು ಹುಟ್ಟಲೇಬಾರದಿತ್ತು ಎಂಬ ತಾಯಿಯ ಒಳಬಯಕೆಯನ್ನು ಅರಿತು ಕಲ್ಲಾದವರು ಎಂದು 1967ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಪುಸ್ತಕ ಚೆನ್ನಾಗಿ ಖರ್ಚಾಯಿತು. ಅವರ ಪ್ರಕಾರ ಮನೆಯೇ ಶಿಬಿರ, ತಾಯಿಯೇ ಕಾವಲುಗಾರಳು. ಮಗುವನ್ನು ತಾಯಿಯಿಂದ ದೂರ ಮಾಡುವುದೇ ಚಿಕಿತ್ಸೆ. ಬೆಟಲ್‌ಹೈಮ್ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದದ್ದು ಸೌಂದರ್ಯಶಾಸ್ತ್ರದ ಪ್ರಬಂಧಕ್ಕೆ, ಮನೋವೈದ್ಯಕ್ಕಲ್ಲ. 1990ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಾಲೆಯಲ್ಲಿ ಓದಿದ್ದವರು ಏಟು ತಿಂದ ನೆನಪುಗಳನ್ನು ಹೊರಗೆ ಹೇಳಿದರು. ಆದರೂ ಈ ವಿಚಾರದ ನೆರಳು ಬಹಳ ಕಾಲ ಉಳಿಯಿತು. ಫ್ರಾನ್ಸಿನ ಆರೋಗ್ಯ ಪ್ರಾಧಿಕಾರ ಮನೋವಿಶ್ಲೇಷಣೆಯನ್ನು ಆಟಿಸಂಗೆ ಶಿಫಾರಸು ಮಾಡುವ ಕ್ರಮಗಳ ಹೊರಗಿಟ್ಟದ್ದು 2012ರಲ್ಲಿ.

ಈ ಆರೋಪವನ್ನು ಮುರಿದವರು ಯಾರು? ಆರೋಪ ಹೊತ್ತವರೇ. ಅಮೆರಿಕದ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರ ಮಗ 1956ರಲ್ಲಿ ಹುಟ್ಟಿದ. ಎತ್ತಿಕೊಂಡರೂ ಸುಮ್ಮನಾಗದೆ ಚೀರುತ್ತಿದ್ದ ಕೂಸು. ವೈದ್ಯರಿಗೆ ಏನೆಂದು ಹೊಳೆಯಲಿಲ್ಲ. ಅವರ ಹೆಂಡತಿಗೆ ಕಾಲೇಜಿನಲ್ಲಿ ಓದಿದ್ದ ಒಂದು ಪಠ್ಯ ನೆನಪಾಗಿ, ಹಳೆಯ ಪೆಟ್ಟಿಗೆಯಿಂದ ಅದನ್ನು ತೆಗೆದು ನೋಡಿದಾಗ ಆಟಿಸಂ ಎಂಬ ಪದ ಸಿಕ್ಕಿತು. ಅಲ್ಲಿಂದ ಮುಂದೆ ರಿಮ್‌ಲ್ಯಾಂಡ್ ಕೈಗೆ ಸಿಕ್ಕ ಸಂಶೋಧನೆಯನ್ನೆಲ್ಲ ಓದಿದರು. ತಾಯಿಯ ಅಕ್ಕರೆಗೂ ಇದಕ್ಕೂ ಸಂಬಂಧವಿದೆ ಎನ್ನಲು ಒಂದು ಪುರಾವೆಯೂ ಇಲ್ಲ ಎಂದು 1964ರ ಪುಸ್ತಕದಲ್ಲಿ ಒಂದೊಂದಾಗಿ ತೋರಿಸಿಕೊಟ್ಟರು. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಸ್ವತಃ ಕಾನರ್! ಮರುವರ್ಷ ಅಮೆರಿಕದ ಪೋಷಕರು ಸಂಘ ಕಟ್ಟಿಕೊಂಡರು. ಲಂಡನ್ನಿನ ಪೋಷಕರು ಅದಕ್ಕೂ ಮೊದಲೇ, 1962ರಲ್ಲಿ, ಸಂಘ ಕಟ್ಟಿದ್ದರು. ಅವರಲ್ಲಿ ಒಬ್ಬರು ಮನೋವೈದ್ಯೆ ಲೋರ್ನಾ ವಿಂಗ್. ಅವರ ಮಗಳಿಗೂ ಆಟಿಸಂ ಇತ್ತು.

ಪೋಷಕರ ಸಂಘದ 1969ರ ಸಮ್ಮೇಳನಕ್ಕೆ ಬಂದ ಕಾನರ್, ಸೇರಿದ್ದ ತಂದೆತಾಯಿಗಳನ್ನು ಉದ್ದೇಶಿಸಿ ನಿಮ್ಮನ್ನು ದೋಷಮುಕ್ತರನ್ನಾಗಿ ಮಾಡುತ್ತಿದ್ದೇನೆ ಎಂಬ ಅರ್ಥದ ಮಾತಾಡಿದರು. ನ್ಯಾಯಾಲಯದ ಭಾಷೆಯನ್ನು ಅವರೇ ಆರಿಸಿಕೊಂಡರು. ಆರೋಪ ಮಾಡಿದವರಲ್ಲಿ ತಾವೂ ಒಬ್ಬರೆಂಬುದನ್ನು ಮಾತ್ರ ಅಷ್ಟು ಸ್ಪಷ್ಟವಾಗಿ ಹೇಳಲಿಲ್ಲ. ಅಂದು ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಪುರಾವೆ ಬಂದದ್ದು ಆಮೇಲೆ. 1977ರಲ್ಲಿ ಸುಸಾನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟ್ಟರ್ ಬ್ರಿಟನ್ನಿನ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಎರಡು ಬಗೆಯ ಅವಳಿಗಳೂ ಬೆಳೆದದ್ದು ಒಂದೇ ತಾಯಿಯ ಮಡಿಲಲ್ಲಿ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಸಂಖ್ಯೆ ಚಿಕ್ಕದು, ಆದರೆ ಅದು ತೋರಿದ ದಿಕ್ಕು ಸರಿಯಾಗಿತ್ತು. ಇಂದು ಆಟಿಸಂ ಜೊತೆ ನಂಟಿರುವ ನೂರಾರು ಜೀನುಗಳು ಗೊತ್ತಾಗಿವೆ. ಇದೊಂದೇ ಕಾರಣ ಎಂದು ಬೆರಳು ತೋರಿಸಬಹುದಾದ ಜೀನು ಇಲ್ಲ.

ಹಾಗಾದರೆ ಓದಿದ, ಸ್ಥಿತಿವಂತ ಮನೆಗಳ ಮಕ್ಕಳೇ ಕಾನರ್ ಕಣ್ಣಿಗೆ ಬಿದ್ದದ್ದೇಕೆ? ಉತ್ತರ ಸುಲಭ. ಆ ಕಾಲದಲ್ಲಿ ಮಿಸಿಸಿಪ್ಪಿಯಿಂದ ಬಾಲ್ಟಿಮೋರಿಗೆ ರೈಲು ಹತ್ತಿ, ಹೆಸರಾಂತ ತಜ್ಞರನ್ನು ಕಾಣಲು ಯಾರಿಂದ ಸಾಧ್ಯವಿತ್ತು? ಲೋರ್ನಾ ವಿಂಗ್ ಮತ್ತು ಜೂಡಿತ್ ಗೂಲ್ಡ್ ಆಸ್ಪತ್ರೆಯಲ್ಲಿ ಕುಳಿತು ಕಾಯದೆ, ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಮಕ್ಕಳನ್ನು ಹುಡುಕಿಕೊಂಡು ಹೋದರು. ಅಲ್ಲಿ ಬಡವರ ಮನೆಯಲ್ಲೂ ಆಟಿಸಂ ಕಂಡಿತು. ಕಾನರ್ ಹೇಳಿದ ಚೌಕಟ್ಟಿಗೆ ಪೂರ್ತಿ ಹೊಂದದ, ಆದರೆ ಅದೇ ಕಷ್ಟಗಳಿದ್ದ ಮಕ್ಕಳು ಇನ್ನೂ ಹೆಚ್ಚು ಸಿಕ್ಕರು. 1979ರಲ್ಲಿ ಪ್ರಕಟವಾದ ಈ ಕೆಲಸದಿಂದಲೇ 'ಸ್ಪೆಕ್ಟ್ರಮ್', ಅಂದರೆ ಕಾಮನಬಿಲ್ಲಿನ ಬಣ್ಣಗಳಂತೆ ಒಂದರೊಳಗೊಂದು ಕರಗುವ ಹಲವು ಬಗೆ, ಎಂಬ ಕಲ್ಪನೆ ಬೆಳೆಯಿತು.

ಸಂಖ್ಯೆಗಳು ಏರಿದ್ದೂ ಬಹುಮಟ್ಟಿಗೆ ಇದರಿಂದಲೇ. 1966ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟರ್ ಲಾಟರ್ ಎಣಿಸಿದಾಗ 10,000 ಮಕ್ಕಳಿಗೆ 4.5 ಎಂಬ ಲೆಕ್ಕ ಬಂದಿತ್ತು. ಅಮೆರಿಕದ ಸರ್ಕಾರಿ ಸಮೀಕ್ಷೆಯಲ್ಲಿ 8 ವರ್ಷದ ಮಕ್ಕಳ ಪೈಕಿ 2000ದಲ್ಲಿ 150ಕ್ಕೆ 1, 2022ರಲ್ಲಿ 31ಕ್ಕೆ 1. ಬಲೆಯ ಕಣ್ಣು ಚಿಕ್ಕದಾದಂತೆ ಮೀನು ಹೆಚ್ಚು ಸಿಗುತ್ತದೆ. ಮಾತು ಬಲ್ಲ, ತನ್ನ ಕಷ್ಟವನ್ನು ಮುಚ್ಚಿಟ್ಟುಕೊಂಡು ಎಲ್ಲರಂತೆ ನಟಿಸುವ ಹೆಣ್ಣುಮಕ್ಕಳು ಹಿಂದೆಲ್ಲ ಈ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಆದರೆ ಏರುವ ಸಂಖ್ಯೆ ಕಂಡಾಗ ಜನ ಕಾರಣ ಹುಡುಕುವುದು ಸಹಜ. 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ಬಗ್ಗೆ ಬರೆದ ಒಂದು ಲೇಖನದಿಂದ ದಡಾರದ ಲಸಿಕೆಯ ಮೇಲೆ ಅನುಮಾನ ಹಬ್ಬಿತು. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 5,37,303 ಮಕ್ಕಳ ದಾಖಲೆ ನೋಡಿ, ಲಸಿಕೆ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ ಎಂದು ತೋರಿಸಿದರು. ಮೂಲ ಲೇಖನವನ್ನು ಪತ್ರಿಕೆ 2010ರಲ್ಲಿ ರದ್ದುಮಾಡಿತು. ಅದೇ ವರ್ಷ ವೇಕ್‌ಫೀಲ್ಡ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ತಾಯಂದಿರ ಮೇಲಿನ ಆರೋಪವನ್ನು ಅಷ್ಟು ಎಚ್ಚರದಿಂದ ಒಡೆದ ರಿಮ್‌ಲ್ಯಾಂಡ್ ಕೂಡ ಕೊನೆಗಾಲದಲ್ಲಿ ಲಸಿಕೆಯ ಸಂಶಯಕ್ಕೆ ದನಿಗೂಡಿಸಿದ್ದು ಖೇದದ ಸಂಗತಿ. 'ಲಸಿಕೆ ಹಾಕಿಸಿದ್ದು ನಾನೇ ಅಲ್ಲವೇ' ಎಂಬ ಹೊಸ ಪಾಪಪ್ರಜ್ಞೆ ಮತ್ತೆ ತಾಯಂದಿರ ಪಾಲಿಗೇ ಬಂತು.

ನಮ್ಮಲ್ಲಿ ಫ್ರಿಜ್ಜಿನ ಹೋಲಿಕೆ ಬೇಕಾಗಿರಲಿಲ್ಲ. ಗ್ರಹಣದ ದಿನ ಬಸುರಿ ಹೊರಗೆ ಬಂದಳು, ಯಾರದೋ ದೃಷ್ಟಿ ತಗುಲಿತು, ಹರಕೆ ತೀರಿಸಲಿಲ್ಲ, ಕೆಲಸಕ್ಕೆ ಹೋಗಿ ಮಗುವನ್ನು ಆಳಿನ ಕೈಗೆ ಬಿಟ್ಟಳು. ಆರೋಪಪಟ್ಟಿ ಮೊದಲೇ ಸಿದ್ಧವಿತ್ತು. ಈಚೆಗೆ ಅದಕ್ಕೆ ಸೇರಿರುವುದು ಮೊಬೈಲು. ಎಳೆಯ ಮಗುವಿನ ಕೈಗೆ ಗಂಟೆಗಟ್ಟಲೆ ಮೊಬೈಲು ಕೊಡುವುದು ಒಳ್ಳೆಯದಲ್ಲ. ಮಾತು, ಆಟ, ನಿದ್ದೆಗೆ ಸಲ್ಲಬೇಕಾದ ಹೊತ್ತನ್ನು ಅದು ತಿನ್ನುತ್ತದೆ. ಅಷ್ಟು ಹೇಳುವುದು ಸರಿ. ಮೊಬೈಲೇ ಆಟಿಸಂ ತಂದಿತು ಎನ್ನಲು ಪುರಾವೆಯಿಲ್ಲ. ಜನರ ಮುಖಕ್ಕಿಂತ ಪರದೆಯ ಮೇಲೆ ಮತ್ತೆ ಮತ್ತೆ ಒಂದೇ ರೀತಿ ಓಡುವ ಚಿತ್ರ ಇಷ್ಟಪಡುವುದು ಅನೇಕ ಸಲ ಆಟಿಸಂನ ಪರಿಣಾಮ; ಅದನ್ನೇ ಕಾರಣವೆಂದು ತಿರುವುಮುರುವು ಮಾಡಿ ಓದಲಾಗುತ್ತಿದೆ. ಮಗುವಿಗೆ ಒಂದು ತುತ್ತು ತಿನ್ನಿಸಲು ಬೇರೆ ದಾರಿ ಕಾಣದೆ ಮೊಬೈಲು ಹಿಡಿದ ತಾಯಿಯನ್ನು ಕಟಕಟೆಗೆ ಹತ್ತಿಸುವ ಮುನ್ನ 1949ನ್ನು ನೆನೆಯಬೇಕು.

ಕಾರಣದ ಪ್ರಶ್ನೆಗಿಂತ ಕುಟುಂಬಗಳಿಗೆ ದೊಡ್ಡದು ಮುಂದೇನು ಎಂಬ ಪ್ರಶ್ನೆ. ಇಲ್ಲಿ ಡೊನಾಲ್ಡ್‌ನ ಬದುಕು ಹೇಳುವುದು ಬಹಳ ಇದೆ. ಮೂರು ವರ್ಷ ದಾಟಿದ ಅವನನ್ನು ವೈದ್ಯರ ಸಲಹೆಯಂತೆ ಮನೆಯಿಂದ ದೂರದ ಒಂದು ಸಂಸ್ಥೆಗೆ ಸೇರಿಸಲಾಗಿತ್ತು. ಸುಮಾರು ಒಂದು ವರ್ಷದ ನಂತರ ತಂದೆತಾಯಿ ಹೋಗಿ ವಾಪಸು ಕರೆತಂದರು. ಮುಂದೆ ಅವನು ಕೆಲವು ವರ್ಷ ಊರಿನಿಂದ ಹತ್ತು ಮೈಲಿ ಆಚೆ ಲೂಯಿಸ್ ಎಂಬ ರೈತ ದಂಪತಿಯ ಮನೆಯಲ್ಲಿದ್ದ. 1945ರಲ್ಲಿ ಕಾನರ್ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆದಿಟ್ಟಿದ್ದಾರೆ. ಹುಡುಗನಿಗೆ ಅಳತೆಯ ಹುಚ್ಚು. ಆ ದಂಪತಿ ಅವನಿಂದ ಬಾವಿ ತೋಡಿಸಿ, ಎಷ್ಟು ಆಳವಾಯಿತೆಂದು ಅಳೆದು ಹೇಳು ಎಂದರು. ಸತ್ತ ಹಕ್ಕಿ, ಹುಳು ಹೆಕ್ಕಿ ತರುತ್ತಿದ್ದ. ಬೈಯಲಿಲ್ಲ, ಜಮೀನಿನ ಒಂದು ಮೂಲೆಯನ್ನು ಮಸಣವಾಗಿ ಬಿಟ್ಟುಕೊಟ್ಟರು. ಅವನು ಒಂದೊಂದಕ್ಕೂ ಹೆಸರಿನ ಫಲಕ ನೆಟ್ಟು, ಪ್ರಾಣಿಯ ಹೆಸರಿನ ಮುಂದೆ ರೈತನ ಮನೆತನದ ಹೆಸರನ್ನೇ ಬರೆದ. ಮೆಕ್ಕೆಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತ ಎಣಿಸು ಎಂದರು. ಕಾನರ್ ನೋಡುತ್ತಿದ್ದಂತೆ ಅವನು ಕುದುರೆ ಹೂಡಿದ ನೇಗಿಲಿನಿಂದ ಆರು ಉದ್ದ ಸಾಲು ಉತ್ತು ಮುಗಿಸಿದ.

ಯಾವ ಪದವಿಯೂ ಇಲ್ಲದ ಆ ರೈತ ದಂಪತಿ ಮಾಡಿದ ಕೆಲಸಕ್ಕೆ ಇಂದು ದೊಡ್ಡ ದೊಡ್ಡ ಹೆಸರುಗಳಿವೆ. ಮಗುವಿನ ಹುಚ್ಚನ್ನು ಬಿಡಿಸಲು ಹೋಗದೆ, ಅದೇ ದಾರಿಯಲ್ಲಿ ಅವನನ್ನು ಮುಂದಕ್ಕೆ ನಡೆಸಿದರು. ಡೊನಾಲ್ಡ್ ಕಾಲೇಜು ಮುಗಿಸಿದ. ತನ್ನ ಮನೆತನಕ್ಕೆ ಸೇರಿದ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ಹತ್ತಾರು ದೇಶ ಸುತ್ತಿದ. 2023ರಲ್ಲಿ ತೀರಿಕೊಂಡಾಗ 89 ವರ್ಷ. ಮನೆತನದ ಹಣ, ಪ್ರಭಾವ, ಅವನನ್ನು ಅವನಂತೆಯೇ ಒಪ್ಪಿಕೊಂಡ ಸಣ್ಣ ಊರು, ಇವೆಲ್ಲ ಅದರ ಹಿಂದೆ ಇದ್ದವು. ಎಲ್ಲರಿಗೂ ಇದು ಸಾಧ್ಯ ಎಂದರೆ ಸುಳ್ಳಾದೀತು. ಆದರೆ 1971ರಲ್ಲಿ ಕಾನರ್ ಅದೇ 11 ಮಕ್ಕಳನ್ನು ಮತ್ತೆ ಹುಡುಕಿದಾಗ ಇನ್ನೊಂದು ಬದಿಯೂ ಕಂಡಿತು. ಸರ್ಕಾರಿ ಹುಚ್ಚಾಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಮೊದಲಿದ್ದ ನೆನಪಿನ ಶಕ್ತಿ, ಚುರುಕು ಎಲ್ಲವನ್ನೂ ಕಳೆದುಕೊಂಡು ಮೂಲೆ ಸೇರಿದ್ದರು. ಅದು ಜೀವಾವಧಿ ಶಿಕ್ಷೆಗೆ ಸಮ ಎಂದು ಕಾನರ್ ಬರೆದರು.

ಭಾರತದಲ್ಲಿಯೂ ಮೊದಲು ಎದ್ದವರು ತಾಯಂದಿರೇ. 1991ರಲ್ಲಿ ದೆಹಲಿಯಲ್ಲಿ ಮೆರಿ ಬರುವಾ ತಮ್ಮ ಮಗನಿಗಾಗಿ ಹುಡುಕಾಡಿ ಏನೂ ಸಿಗದೆ 'ಆಕ್ಷನ್ ಫಾರ್ ಆಟಿಸಂ' ಶುರುಮಾಡಿದರು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ. ಪೋಷಕರ ಒತ್ತಾಯದಿಂದ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೇ ಅದು ಸೇರಿತು. 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕರ್ನಾಟಕಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಎರಡೂ ಇರುವುದು ದೊಡ್ಡ ಬಲ. ವಾಕ್ ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ 2000ದಲ್ಲಿ ಶುರುಮಾಡಿದ 'ಕಾಮ್ ಡೀಲ್' ಎಳೆಯ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವ ಕ್ರಮವನ್ನು ರೂಪಿಸಿತು. ಆದರೆ ರಾಯಚೂರು ಅಥವಾ ಚಾಮರಾಜನಗರದ ಹಳ್ಳಿಯ ತಾಯಿ ವಾರಕ್ಕೆ ಎರಡು ದಿನ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬರಲಾದೀತೆ?

ಈ ಪ್ರಶ್ನೆಗೆ ಒಂದು ಉತ್ತರ ಗೋವಾದಿಂದ ಬಂದಿದೆ. ಅಲ್ಲಿನ ಸಂಗಾತ್ ಸಂಸ್ಥೆಯ ಗೌರಿ ದಿವಾನ್ ಮತ್ತು ಪಾಕಿಸ್ತಾನ, ಬ್ರಿಟನ್ ದೇಶಗಳ ಸಂಶೋಧಕರು ಗೋವಾ ಮತ್ತು ರಾವಲ್ಪಿಂಡಿಯ 65 ಮಕ್ಕಳೊಡನೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತಾಯಿ ಮಗು ಆಡುವುದನ್ನು ಕೆಲವು ನಿಮಿಷ ವಿಡಿಯೋ ತೆಗೆಯುತ್ತಾರೆ. ಆಮೇಲೆ ಇಬ್ಬರೂ ಕುಳಿತು ಅದನ್ನು ನೋಡುತ್ತಾರೆ. ಆರೋಗ್ಯ ಕಾರ್ಯಕರ್ತೆ ಒಂದು ಕಡೆ ನಿಲ್ಲಿಸಿ ಕೇಳುತ್ತಾಳೆ: ಇಲ್ಲಿ ಮಗು ಏನು ಮಾಡಿತು, ನೋಡಿದಿರಾ? ಚಕ್ರ ತಿರುಗಿಸುತ್ತಿದ್ದ ಮಗು ಅರೆಕ್ಷಣ ತಾಯಿಯತ್ತ ಕಣ್ಣು ಹೊರಳಿಸಿರುತ್ತದೆ. ಅವಳು ಅದೇ ಹೊತ್ತಿಗೆ 'ಕೆಂಪು ಯಾವುದು ಹೇಳು' ಎಂದು ಪರೀಕ್ಷೆ ಮಾಡುತ್ತಿದ್ದಳು, ಗಮನಿಸಿರಲಿಲ್ಲ. ಮುಂದಿನ ಸಲ ಪರೀಕ್ಷೆ ಬಿಟ್ಟು ಕಾಯುತ್ತಾಳೆ. ಈ ಕಾರ್ಯಕರ್ತರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯರು. ಎಲ್ಲ ಅಳತೆಗಳಲ್ಲೂ ಫಲ ಸಿಗಲಿಲ್ಲ. ಆದರೆ ತಾಯಿ ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಮಾತುಕತೆಗೆ ಮುಂದಾಗುವುದೂ ಹೆಚ್ಚಿತು.

'ತಾಯಿಗೆ ಕಲಿಸುವುದೆಂದರೆ ಮತ್ತೆ ತಾಯಿಯದೇ ತಪ್ಪು ಎಂದಂತಲ್ಲವೇ?' ಎಂದು ಕೇಳಬಹುದು. ಅಲ್ಲ. ಮಗುವಿನ ಸನ್ನೆ ತೀರ ಮೆಲ್ಲಗಿದೆ, ಅದಕ್ಕಾಗಿ ಹೆಚ್ಚಿನ ಗಮನ ಬೇಕು. ಕಣ್ಣಿಗೆ ಕಾಣದ ಮಗುವಿನ ತಾಯಿ ಬ್ರೈಲ್ ಕಲಿಯುವ ಹಾಗೆ. ಅಪಾಯ ಇರುವುದು ಬೇರೆ ಕಡೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಇವಾರ್ ಲೋವಾಸ್, ವಾರಕ್ಕೆ 40 ಗಂಟೆ ತರಬೇತಿ ಕೊಟ್ಟ 19 ಮಕ್ಕಳಲ್ಲಿ 9 ಮಂದಿ ಉಳಿದವರಂತೆಯೇ ಆದರು ಎಂದು ಬರೆದರು. ಆ ತರಬೇತಿಯಲ್ಲಿ ಗದರಿಕೆ, ಏಟು ಕೂಡ ಇದ್ದವು ಎಂಬುದು ಹಿಂದೆ ಸರಿದು, 40 ಗಂಟೆ ಎಂಬ ಸಂಖ್ಯೆ ಮಾತ್ರ ಜಗತ್ತಿನ ತುಂಬ ಹರಡಿತು. ಅಷ್ಟು ಕೊಡಿಸಲಾಗದ ತಂದೆತಾಯಿ ತಮ್ಮನ್ನೇ ಶಪಿಸಿಕೊಳ್ಳುವಂತಾಯಿತು. ಈ ಸಂಕಟದ ಸುತ್ತ ವ್ಯಾಪಾರ ಬೆಳೆಯಿತು. ದೇಹದ ಲೋಹ ತೆಗೆಯುವ ಚಿಲೇಶನ್ ಎಂಬ ಚಿಕಿತ್ಸೆಯ ವೇಳೆ 2005ರಲ್ಲಿ ಅಮೆರಿಕದಲ್ಲಿ 5 ವರ್ಷದ ಬಾಲಕನೊಬ್ಬ ಪ್ರಾಣ ಬಿಟ್ಟ. ನಮ್ಮಲ್ಲಿ ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಸುರಿದವರಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸಿಗೆ ಯೋಗ್ಯವಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿದೆ.

ಕನ್ನಡದ ಮನೆಗಳು ತಿಳಿಯಲೇಬೇಕಾದ ಇನ್ನೊಂದು ಸಂಗತಿ ಭಾಷೆಯದು. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ಎಷ್ಟೋ ಕುಟುಂಬಗಳಿಗೆ ಸಿಗುತ್ತದೆ. ಅಜ್ಜಿ ಅಲ್ಲಿಗೆ ಮೂಕಿಯಾಗುತ್ತಾಳೆ. ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವ, ಲಾಲಿ ಹಾಡುವ, ಕಥೆ ಹೇಳುವ ಬಾಯಿಗೇ ಬೀಗ ಬಿದ್ದಂತೆ. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ನಾಲ್ಕೇ ವಾಕ್ಯಗಳನ್ನು ತಿರುಗಿಸಿ ತಿರುಗಿಸಿ ಆಡುತ್ತಾಳೆ. ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬೀಳುವುದಿಲ್ಲ ಎಂದು ಕೆನಡಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಮೇಲಿನ ಅಧ್ಯಯನಗಳೂ ಅದನ್ನೇ ಹೇಳಿವೆ. ಮನೆಯ ಕನ್ನಡವನ್ನು ಮನೆಯಿಂದ ಹೊರಹಾಕುವ ಅಗತ್ಯವಿಲ್ಲ.

ಈ ಚರಿತ್ರೆಯಲ್ಲಿ ಬಹುಕಾಲ ವೈದ್ಯರು ಮಾತಾಡಿದರು, ಆಮೇಲೆ ಪೋಷಕರು ಮಾತಾಡಿದರು. ಮೂರನೆಯ ದನಿ ತಡವಾಗಿ ಬಂತು. ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ 1986ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದಾಗ, ಆಟಿಸಂ ಒಳಗಿನಿಂದ ಹೇಗಿರುತ್ತದೆ ಎಂಬುದು ಓದುಗರಿಗೆ ಮೊದಲ ಬಾರಿ ತಿಳಿಯಿತು. 1993ರಲ್ಲಿ ಟೊರಾಂಟೋದ ಸಮ್ಮೇಳನದಲ್ಲಿ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಪೋಷಕರೆದುರು ಮಾತಾಡುತ್ತ, ಬಯಸಿದ ಮಗು ಬರಲಿಲ್ಲವೆಂಬ ದುಃಖವನ್ನು ಎದುರಿಗಿರುವ ಮಗುವಿನ ಮೇಲೆ ಹೊರಿಸಬೇಡಿ ಎಂಬ ಕಟು ಮಾತನ್ನು ಆಡಿದರು. ಮಾತೇ ಬಾರದ, ದಿನವಿಡೀ ನೋಡಿಕೊಳ್ಳಬೇಕಾದ ಮಕ್ಕಳ ಪೋಷಕರಿಗೆ ಇದು ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಜಗಳ ಮುಗಿದಿಲ್ಲ, ಬೇಗ ಮುಗಿಯುವಂಥದೂ ಅಲ್ಲ.

ಪೋಷಕರ ಸಭೆಗಳಲ್ಲಿ ಕೊನೆಗೆ ಬರುವ ಪ್ರಶ್ನೆ ಒಂದೇ: ನಮ್ಮ ನಂತರ ಯಾರು? ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ಕಾನೂನಿನ ಪ್ರಕಾರ ತಾವಾಗಿ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ಅನೇಕರಿಗೆ ಬ್ಯಾಂಕಿನ ಕಿಟಕಿಯ ಎದುರು ನಿಂತಾಗಲೇ ತಿಳಿಯುವುದು. 1999ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು. ಅದರಲ್ಲಿ ಜಿಲ್ಲಾಧಿಕಾರಿಯ ಜೊತೆ ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ವೈಕಲ್ಯವಿರುವ ಒಬ್ಬ ವ್ಯಕ್ತಿ ಇರುತ್ತಾರೆ. ತಂದೆ, ತಾಯಿ ಅಥವಾ ಬಂಧುಗಳು ಅರ್ಜಿ ಕೊಟ್ಟರೆ ಸಮಿತಿ ಪೋಷಕರನ್ನು ನೇಮಿಸುತ್ತದೆ. 2016ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಪೋಷಕರು ಆ ವ್ಯಕ್ತಿಯ ಪರವಾಗಿ ಎಲ್ಲವನ್ನೂ ತಾವೇ ತೀರ್ಮಾನಿಸದೆ ಅವರೊಡನೆ ಕೂಡಿ ತೀರ್ಮಾನಿಸುವ ಸೀಮಿತ ಪೋಷಕತ್ವದ ಮಾತಾಡುತ್ತದೆ. ಅಣ್ಣನೋ ತಂಗಿಯೋ ಮುಂದೆ ನೋಡಿಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವ ಬದಲು, ಅವರನ್ನು ಎದುರು ಕೂರಿಸಿಕೊಂಡು ಕೇಳಬೇಕು. ಮಗುವಿಗೆ ಬೆಳಿಗ್ಗೆ ಯಾವ ಲೋಟದಲ್ಲಿ ಹಾಲು ಬೇಕು, ಯಾವ ಸದ್ದಿಗೆ ಹೆದರುತ್ತಾನೆ, ಅವನ 'ಹೂಂ' ಎಂಬುದಕ್ಕೆ ಏನರ್ಥ ಎಂದು ಬರೆದಿಡಬೇಕು. ಎಷ್ಟು ಪುಟವಾದರೂ ಆಗಲಿ.